‘ಮೆಷಿನ್ ನಿಲ್ಸಿ’ ಅಂದವರ ಬೆನ್ನಿಗೆ ಯಾರಿದ್ದಾರೆ?

ಆ ಹುಡುಗಿಯ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ನಾನೂ ಹೊಸಬನೇ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಮೇಂಟೆನೆನ್ಸ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ರಾತ್ರಿ ಪಾಳಿ. ಅವಳು ಲೋಹದ ಶೀಟನ್ನು ಒತ್ತಿ ಬಿಡಿಭಾಗ ಮಾಡುವ ಪವರ್ ಪ್ರೆಸ್ಸಿನ ಮುಂದೆ ಕೈ ಕಟ್ಟಿಕೊಂಡು ನಿಂತು, ಇದನ್ನು ನಾನು ಓಡಿಸೋದಿಲ್ಲ ಅಂದಳು.

ಪ್ರೆಸ್ಸಿನ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇರುತ್ತದೆ. ಕೈ ಅಡ್ಡ ಬಂದರೆ ಪ್ರೆಸ್ ತಕ್ಷಣ ನಿಲ್ಲಬೇಕು. ನಿಲ್ಲುತ್ತಿತ್ತು ಕೂಡ. ಆದರೆ ಮೊದಲಿನಷ್ಟು ಬೇಗ ನಿಲ್ಲುತ್ತಿಲ್ಲ ಅಂತ ಅವಳಿಗೆ ಅನ್ನಿಸಿತ್ತು. ಅಷ್ಟೇ. ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ, ಬರೀ ಅನುಮಾನ.

ಸೂಪರ್‌ವೈಸರ್ ಬಂದ. ಮುಖ ಗಂಟಿಕ್ಕಿತ್ತು, ಆದರೆ ಕೂಗಾಡಲಿಲ್ಲ. ಫೋನ್ ಮಾಡಿ ಕೆಲಸಗಾರರ ಕಡೆಯ ಸೇಫ್ಟಿ ಪ್ರತಿನಿಧಿಯನ್ನು ಕರೆಸಿದ. ಆತ ಪಕ್ಕದ ಲೈನಿನಲ್ಲಿ ವೆಲ್ಡಿಂಗ್ ಮಾಡುವವನು, ಯೂನಿಯನ್ ಆರಿಸಿದವನು. ಗ್ಲೌಸ್ ಬಿಚ್ಚುತ್ತಲೇ ಬಂದ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. ಆಮೇಲೆ ನನ್ನನ್ನು ಕರೆದರು. ಪ್ರೆಸ್ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಮೀಟರ್ ಹಾಕಿ ಹತ್ತು ಸಲ ನೋಡಿದೆವು. ಹುಡುಗಿಯ ಅನುಮಾನ ಸರಿಯಾಗಿತ್ತು. ಬ್ರೇಕ್ ಲೈನಿಂಗ್ ಸವೆದಿತ್ತು. ಪ್ರೆಸ್ ನಿಲ್ಲೋದು ತಡವಾಗುತ್ತಿತ್ತು. ಪರದೆಯಿಂದ ಡೈಗೆ, ಅಂದರೆ ಶೀಟು ಒತ್ತುವ ಅಚ್ಚಿಗೆ, ಇದ್ದ ದೂರ ಆ ತಡಕ್ಕೆ ಸಾಲುತ್ತಿರಲಿಲ್ಲ. ಅಂದರೆ ಕೈ ಮೊದಲು ಒಳಗೆ ಹೋಗುತ್ತಿತ್ತು, ಪ್ರೆಸ್ ಆಮೇಲೆ ನಿಲ್ಲುತ್ತಿತ್ತು.

ಮೇನ್ ಸ್ವಿಚ್ಚಿಗೆ ನನ್ನ ಹೆಸರು ಬರೆದ ಕೆಂಪು ಬೀಗ ಹಾಕಿದೆ. ಅದರ ಕೀ ನನ್ನ ಜೇಬಿನಲ್ಲಿ. ನಾನೇ ಬಂದು ತೆಗೆಯುವ ತನಕ ಆ ಪ್ರೆಸ್ಸಿಗೆ ಕರೆಂಟ್ ಇಲ್ಲ. ಅವಳನ್ನು ಪ್ಯಾಕಿಂಗ್ ಕಡೆ ಹಾಕಿದರು, ಸಂಬಳ ಅದೇ.

ಇಷ್ಟೆಲ್ಲ ಆದಮೇಲೂ ನನಗೆ ನೆಮ್ಮದಿ ಇರಲಿಲ್ಲ. ನಾನು ಕಾಯುತ್ತಿದ್ದದ್ದು ಮಾರನೇ ದಿನಕ್ಕೆ. ಅವಳನ್ನು ಆಫೀಸಿಗೆ ಕರೆಸುತ್ತಾರೆ, ಕಷ್ಟದ ಲೈನಿಗೆ ಹಾಕುತ್ತಾರೆ, ಇಲ್ಲ ಪ್ರೊಬೇಷನ್ ಮುಗಿಯುವ ಮುಂಚೆಯೇ ಸುಮ್ನೆ ಮನೆಗೆ ಕಳಿಸುತ್ತಾರೆ ಅಂತ ಕಾದೆ. ಒಂದು ದಿನ ಕಾದೆ, ಒಂದು ವಾರ ಕಾದೆ. ಏನೂ ಆಗಲಿಲ್ಲ. ಅವಳು ಎಂದಿನಂತೆ ಬಂದಳು, ಎಂದಿನಂತೆ ಕೆಲಸ ಮಾಡಿದಳು. ಅವತ್ತು ನಾನು ಅವಳನ್ನು ಹಾಗೆ ನೋಡುತ್ತಾ ಕಾದದ್ದು ಯಾಕೆ ಅಂತ ಹೇಳಬೇಕಾದರೆ ಬೆಂಗಳೂರಿಗೆ ಹೋಗಬೇಕು.

ಐಟಿಐ ಮುಗಿಸಿ ಬೆಂಗಳೂರಿನ ಪ್ರೆಸ್ ಶಾಪುಗಳಲ್ಲಿ ಎಂಟು ವರ್ಷ ಕೆಲಸ ಮಾಡಿದೆ. ಮೊದಲ ಕಾರ್ಖಾನೆಯಲ್ಲಿ ಪ್ರೆಸ್ ಓಡಿಸುತ್ತಿದ್ದ ಒಬ್ಬರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಆ ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವಿಲ್ಲ ಅನ್ನೋದು ಅದರ ಲೆಕ್ಕ. ಆದರೆ ಎಡಗಡೆಯ ಬಟನ್ ಒತ್ತಿದಂತೆಯೇ ಇರುವ ಹಾಗೆ ವೈರ್ ಕಟ್ಟಿದ್ದರು. ಒಂದು ಕೈಯಲ್ಲಿ ಶೀಟ್ ಇಡೋದು, ಇನ್ನೊಂದು ಕೈಯಲ್ಲಿ ಒತ್ತೋದು. ಗಂಟೆಗೆ ಪೀಸ್ ಜಾಸ್ತಿ ಬೀಳುತ್ತದೆ ಅಲ್ವಾ, ಅದಕ್ಕೆ.

ಆ ವೈರನ್ನು ನಾನು ಎರಡು ತಿಂಗಳು ನೋಡಿದೆ. ಒಂದು ಸಲ ಸೂಪರ್‌ವೈಸರ್‌ಗೆ ಹೇಳಿದೆ. "ನಿನ್ನ ಕೆಲಸ ನೀನು ನೋಡ್ಕೋ, ಇನ್ನೂ ಕನ್ಫರ್ಮ್ ಆಗಿಲ್ಲ ನೀನು" ಅಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ. ಮನೆಯಲ್ಲಿ ನನ್ನ ಸಂಬಳ ಕಾಯುತ್ತಿದ್ದವರು ನಾಲ್ಕು ಜನ. ಬಡವನ ಕೋಪ ದವಡೆಗೆ ಮೂಲ ಅಂತ ಅವ್ವ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಣ್ಣನ ಎಡಗೈಯ ಎರಡು ಬೆರಳು ಹೋದವು.

ಅವರನ್ನು ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಅಲ್ಲಿಗೆ ಹೋದರೆ ಅಪಘಾತದ ವರದಿ ಕೊಡಬೇಕಾಗುತ್ತದೆ. ಕಂಪನಿ ಕಾರಿನಲ್ಲಿ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಒಳಗಿನ ರಿಜಿಸ್ಟರಿನಲ್ಲಿ ಕಾರಣದ ಕಾಲಂನಲ್ಲಿ ‘ಆಪರೇಟರ್‌ನ ಅಜಾಗರೂಕತೆ’ ಅಂತ ಬರೆದರು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ವೈರ್ ಮಾಯವಾಗಿತ್ತು. ಗೇಟಿನ ಹತ್ತಿರ ‘ಅಪಘಾತವಿಲ್ಲದ ದಿನಗಳು’ ಅಂತ ಒಂದು ಹಸಿರು ಬೋರ್ಡ್ ಇತ್ತು. ಅವತ್ತು ಅದರಲ್ಲಿ 212 ಇತ್ತು. ಮಾರನೇ ದಿನ 213 ಆಯಿತು.

ಅಲ್ಲಿ ಯೂನಿಯನ್ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಒಳ್ಳೆಯ ಬಲವಾದ ಯೂನಿಯನ್. ಬೋನಸ್ ವಿಷಯದಲ್ಲಿ ಒಂದು ರೂಪಾಯಿ ಬಿಡುತ್ತಿರಲಿಲ್ಲ. ಆದರೆ ಅಣ್ಣ ಕಾಂಟ್ರಾಕ್ಟ್ ಲೇಬರ್. ಪರ್ಮನೆಂಟ್ ಅಲ್ಲ. ನಾನು ಯೂನಿಯನ್ ಕಾರ್ಯದರ್ಶಿಯ ಹತ್ತಿರ ಹೋಗಿ ಹೇಳಿದಾಗ ಅವರಿಗೂ ಬೇಜಾರಾಯಿತು, ನಿಜವಾಗಿಯೂ ಆಯಿತು. "ಏನ್ ಮಾಡೋದಪ್ಪಾ, ನಮ್ಮ ಮೆಂಬರ್ ಅಲ್ವಲ್ಲ" ಅಂದರು.

ಈ ಎರಡು ಘಟನೆಗಳ ನಡುವೆ ಇರುವ ವ್ಯತ್ಯಾಸವೇ ನನ್ನನ್ನು ಇದನ್ನು ಬರೆಯಲು ಕೂರಿಸಿದ್ದು. ಕೆನಡಾದ ಜನ ಒಳ್ಳೆಯವರು, ಬೆಂಗಳೂರಿನವರು ಕೆಟ್ಟವರು ಅನ್ನುವ ಮಾತಲ್ಲ ಇದು. ಒಂಟಾರಿಯೋದ ಆ ಸೂಪರ್‌ವೈಸರ್‌ಗೂ ಪೀಸಿನ ಲೆಕ್ಕ ಇತ್ತು, ಮೇಲಿನವರ ಒತ್ತಡ ಇತ್ತು. ಮೆಷಿನ್ ನಿಲ್ಲಿಸಿದವಳು ಮಾರನೇ ದಿನವೂ ಕೆಲಸಕ್ಕೆ ಬರುತ್ತಾಳೆ ಅನ್ನೋದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಖಾತ್ರಿಯೇ ಅವಳ ಬೆರಳು ಉಳಿಸಿದ್ದು. ಹೆಲ್ಮೆಟ್, ಗ್ಲೌಸ್, ಬೆಳಕಿನ ಪರದೆ ಎಲ್ಲವೂ ಬೇಕು. ಆದರೆ ಪರದೆ ಕೆಟ್ಟಿದೆ ಅಂತ ಹೇಳುವ ಬಾಯಿ ಮೊದಲು ಬೇಕು.

ಒಂಟಾರಿಯೋದಲ್ಲಿ ಈ ಖಾತ್ರಿ ಸುಮ್ನೆ ಬಂದದ್ದಲ್ಲ. ಇಲ್ಲಿ ಎಲಿಯಟ್ ಲೇಕ್ ಅಂತ ಒಂದು ಊರಿದೆ, ಯುರೇನಿಯಂ ಗಣಿಗಳಿದ್ದ ಜಾಗ. ಗಣಿಯ ಧೂಳು ಮತ್ತು ವಿಕಿರಣದಿಂದ ಅಲ್ಲಿನ ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ, ಶ್ವಾಸಕೋಶದ ಕ್ಯಾನ್ಸರ್ ಬರುತ್ತಿತ್ತು. 1974ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಒಂದು ಸಮ್ಮೇಳನ ನಡೆಯಿತು. ಅಲ್ಲಿ ಒಂಟಾರಿಯೋ ಸರ್ಕಾರದ ಕಡೆಯವರು ಈ ಗಣಿ ಕೆಲಸಗಾರರ ಕ್ಯಾನ್ಸರ್ ಅಂಕಿಅಂಶಗಳನ್ನು ಮುಂದಿಟ್ಟರು. ಗಣಿಯಲ್ಲಿ ಇಳಿಯುತ್ತಿದ್ದವರಿಗೆ ಆ ಅಂಕಿಅಂಶ ಯಾರೂ ಹೇಳಿರಲಿಲ್ಲ. ತಮ್ಮ ಎದೆಯೊಳಗೆ ಏನಾಗುತ್ತಿದೆ ಅನ್ನೋದು ಸಮುದ್ರದಾಚೆಯ ಒಂದು ಸಭೆಗೆ ಮೊದಲು ಗೊತ್ತಾಯಿತು, ಅವರಿಗೆ ಆಮೇಲೆ. ಸುದ್ದಿ ಯೂನಿಯನ್ ಮೂಲಕ ಊರಿಗೆ ಬಂದಾಗ ಸುಮಾರು 1000 ಜನ ಕೆಲಸ ನಿಲ್ಲಿಸಿ ಹೊರಗೆ ಬಂದರು. ಸಂಬಳಕ್ಕಾಗಿ ಮಾಡಿದ ಮುಷ್ಕರವಲ್ಲ ಅದು. ನಮ್ಮ ರೋಗ ಏನು ಅಂತ ನಮಗೆ ಹೇಳಿ ಅಂತ ಕೇಳಿದ ಮುಷ್ಕರ.

ಅದಾದ ಮೇಲೆ ಸರ್ಕಾರ ಜೇಮ್ಸ್ ಹ್ಯಾಮ್ ಅನ್ನುವ ಎಂಜಿನಿಯರಿಂಗ್ ಪ್ರೊಫೆಸರ್ ಮುಂದಾಳತ್ವದಲ್ಲಿ ಆಯೋಗ ನೇಮಿಸಿತು. 1976ರಲ್ಲಿ ವರದಿ ಬಂತು, 1979ರಲ್ಲಿ ಹೊಸ ಕಾನೂನು ಜಾರಿಗೆ ಬಂತು. ಆ ಕಾನೂನು ನಿಂತಿರೋದು ಮೂರು ಹಕ್ಕುಗಳ ಮೇಲೆ. ಅಪಾಯ ಏನು ಅಂತ ತಿಳಿದುಕೊಳ್ಳುವ ಹಕ್ಕು. ಸುರಕ್ಷತೆಯ ತೀರ್ಮಾನದಲ್ಲಿ ಪಾಲುಗೊಳ್ಳುವ ಹಕ್ಕು. ಅಪಾಯ ಅನ್ನಿಸಿದ ಕೆಲಸಕ್ಕೆ ಆಗಲ್ಲ ಅನ್ನುವ ಹಕ್ಕು. ಇಲ್ಲಿಗೆ ಹೊಸದಾಗಿ ಬಂದವರಿಗೆ ಮೊದಲ ದಿನದ ತರಬೇತಿಯಲ್ಲೇ ಈ ಮೂರನ್ನೂ ಹೇಳಿಕೊಡುತ್ತಾರೆ.

ನಾನು ಈಗ ಆ ಕಾರ್ಖಾನೆಯ ಸೇಫ್ಟಿ ಕಮಿಟಿಯಲ್ಲಿ ಕೆಲಸಗಾರರ ಪರ ಇದ್ದೇನೆ. ಆದ್ದರಿಂದ ಅದರ ಒಳಗಿನ ಕೆಲಸ ಸ್ವಲ್ಪ ಗೊತ್ತು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕಮಿಟಿ ಇರಲೇಬೇಕು. ಕಮಿಟಿಯಲ್ಲಿ ಕಡೇಪಕ್ಷ ಅರ್ಧದಷ್ಟು ಜನ ಕೆಲಸಗಾರರ ಕಡೆಯವರು. ಯೂನಿಯನ್ ಇದ್ದರೆ ಅವರನ್ನು ಯೂನಿಯನ್ ಆರಿಸುತ್ತದೆ. ತಿಂಗಳಿಗೊಮ್ಮೆ ಕಾರ್ಖಾನೆ ಸುತ್ತಿ ನೋಡಬೇಕು, ಆ ಹೊತ್ತಿಗೂ ಸಂಬಳ ಇದೆ. ನಾವು ಬರವಣಿಗೆಯಲ್ಲಿ ಏನಾದರೂ ಶಿಫಾರಸು ಮಾಡಿದರೆ ಮ್ಯಾನೇಜ್‌ಮೆಂಟ್ 21 ದಿನದೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆಯಬೇಕು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ "ನೋಡೋಣ, ಮಾಡೋಣ" ಅನ್ನುವ ಮಾತಿಗೂ ಸಹಿ ಹಾಕಿದ ಕಾಗದಕ್ಕೂ ಅಜಗಜಾಂತರ. ಹೋದ ವರ್ಷ ಒಂದು ಎಕ್ಸಾಸ್ಟ್ ಫ್ಯಾನ್ ವಿಷಯದಲ್ಲಿ ಬಾಯಿಮಾತಿನಲ್ಲಿ ನಾಲ್ಕು ತಿಂಗಳು ಆಗದಿದ್ದದ್ದು ಕಾಗದ ಕೊಟ್ಟ ಮೇಲೆ ಎರಡೇ ವಾರದಲ್ಲಿ ಆಯಿತು.

ಈ ಕಾನೂನು ಯೂನಿಯನ್ ಇಲ್ಲದ ಕಡೆಗೂ ಒಂದೇ. ಹಾಗಿದ್ದ ಮೇಲೆ ಯೂನಿಯನ್ ಯಾಕೆ ಬೇಕು? ನಾನೂ ಮೊದಮೊದಲು ಹೀಗೇ ಯೋಚಿಸಿದ್ದೆ. ಇಲ್ಲೇ ಯೂನಿಯನ್ ಇಲ್ಲದ ಒಂದು ಚಿಕ್ಕ ಶಾಪಿನಲ್ಲಿ ಸ್ವಲ್ಪ ದಿನ ಕೆಲಸ ಮಾಡಿದೆ. ಗೋಡೆ ಮೇಲೆ ಅದೇ ಪೋಸ್ಟರ್, ಅದೇ ಮೂರು ಹಕ್ಕು. ಕಮಿಟಿಯೂ ಇತ್ತು. ಅದರಲ್ಲಿ ಕೆಲಸಗಾರರ ಪ್ರತಿನಿಧಿ ಯಾರು ಅಂತ ಮ್ಯಾನೇಜರೇ ತೀರ್ಮಾನ ಮಾಡಿದ್ದರು. ಆ ಪ್ರತಿನಿಧಿ ಪಾಪ ಒಳ್ಳೆಯ ಮನುಷ್ಯ, ಆದರೆ ಯಾರ ಪರವಾಗಿ ಮಾತಾಡಬೇಕು ಅನ್ನೋದು ಅವರಿಗೇ ಗೊತ್ತಿರಲಿಲ್ಲ. ಅಲ್ಲಿದ್ದಷ್ಟು ದಿನ ಒಬ್ಬರಾದರೂ ಈ ಕೆಲಸ ಮಾಡಲ್ಲ ಅಂದದ್ದನ್ನು ನಾನು ಕೇಳಲಿಲ್ಲ. ಸೇಡು ತೀರಿಸಿಕೊಳ್ಳುವ ಹಾಗಿಲ್ಲ ಅಂತ ಕಾನೂನಿನಲ್ಲಿ ಬರೆದಿದೆ, ನಿಜ. ಆದರೆ ಕೆಲಸ ಹೋದ ಮೇಲೆ ದೂರು ಕೊಟ್ಟು, ವಿಚಾರಣೆಗೆ ಅಲೆದು, ಗೆದ್ದು ಬರುವ ತನಕ ಬಾಡಿಗೆ ಯಾರು ಕಟ್ಟುತ್ತಾರೆ? ಆ ಓಡಾಟವನ್ನು ಒಬ್ಬರ ತಲೆಯಿಂದ ಎಲ್ಲರ ತಲೆಗೆ ಹಂಚೋದೇ ಯೂನಿಯನ್ ಮಾಡುವ ಕೆಲಸ.

ಇದು ಬರೀ ನನ್ನ ಅನುಭವವೂ ಅಲ್ಲ. ಬ್ರಿಟನ್ನಿನಲ್ಲಿ 1990ರ ಸಮೀಕ್ಷೆಯ ಅಂಕಿಅಂಶ ಇಟ್ಟುಕೊಂಡು ರೀಲಿ, ಪಾಚಿ, ಹಾಲ್ ಅನ್ನುವ ಮೂವರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುರಕ್ಷತೆಯನ್ನು ಮ್ಯಾನೇಜ್‌ಮೆಂಟ್ ಒಂದೇ ನೋಡಿಕೊಳ್ಳುವ ಕಡೆಗಳನ್ನೂ, ಕೆಲಸಗಾರರ ಪ್ರತಿನಿಧಿಗಳನ್ನೆಲ್ಲ ಯೂನಿಯನ್ನೇ ಆರಿಸಿದ ಜಂಟಿ ಕಮಿಟಿ ಇರುವ ಕಡೆಗಳನ್ನೂ ಹೋಲಿಸಿದರು. ಯೂನಿಯನ್ ಆರಿಸಿದ ಕಮಿಟಿ ಇದ್ದಲ್ಲಿ 1000 ಕೆಲಸಗಾರರಿಗೆ 5.7ರಷ್ಟು ಗಾಯ ಕಮ್ಮಿ ಇದ್ದವು.

ಆದರೆ ಎಲ್ಲ ಅಧ್ಯಯನಗಳೂ ಇಷ್ಟು ಸೀದಾ ಇಲ್ಲ. ಕೆಲವು ಕಡೆ ಯೂನಿಯನ್ ಇರುವಲ್ಲೇ ಗಾಯಗಳ ಲೆಕ್ಕ ಜಾಸ್ತಿ ಕಾಣುತ್ತದೆ. ಮ್ಯಾನೇಜ್‌ಮೆಂಟ್ ಕಡೆಯವರು ಇದನ್ನೇ ಹಿಡಿದುಕೊಂಡು, ನೋಡಿ, ಯೂನಿಯನ್ ಬಂದರೆ ಅಪಘಾತ ಹೆಚ್ಚಾಗುತ್ತದೆ ಅನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಲಿಸನ್ ಮೊರಾಂಟ್ಸ್ ಅನ್ನುವ ಪ್ರೊಫೆಸರ್ ಅಮೆರಿಕದ ಕಲ್ಲಿದ್ದಲು ಗಣಿಗಳ 1993ರಿಂದ 2010ರ ತನಕದ ದಾಖಲೆ ತೆಗೆದು 2013ರಲ್ಲಿ ಪ್ರಕಟಿಸಿದರು. ಯೂನಿಯನ್ ಇರುವ ಗಣಿಗಳಲ್ಲಿ ಸಾವು ಮತ್ತು ದೊಡ್ಡ ಗಾಯ ಗಣನೀಯವಾಗಿ ಕಮ್ಮಿ. ಆದರೆ ಚಿಕ್ಕಪುಟ್ಟದ್ದೆಲ್ಲ ಸೇರಿದ ಒಟ್ಟು ಗಾಯಗಳ ಲೆಕ್ಕ ಹಾಗೆ ಕಮ್ಮಿ ಇರಲಿಲ್ಲ. ಟೊರಾಂಟೋದ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್ ಸಂಸ್ಥೆ ಒಂಟಾರಿಯೋದ ಕಟ್ಟಡ ಕೆಲಸದ ಕಂಪನಿಗಳನ್ನು ನೋಡಿದಾಗಲೂ ಹೀಗೇ ಕಂಡಿತು. ಕೆಲಸ ತಪ್ಪುವಷ್ಟು ದೊಡ್ಡ ಗಾಯಗಳು ಯೂನಿಯನ್ ಇದ್ದಲ್ಲಿ ಕಮ್ಮಿ, ಪಟ್ಟಿ ಕಟ್ಟಿ ಕೆಲಸಕ್ಕೆ ವಾಪಸ್ ಹೋಗುವಂಥ ಗಾಯಗಳು ಜಾಸ್ತಿ.

ಸತ್ತವರನ್ನು ರಿಜಿಸ್ಟರಿನಿಂದ ಬಿಡಲು ಆಗೋದಿಲ್ಲ. ಆದ್ದರಿಂದ ಸಾವಿನ ಲೆಕ್ಕ ಸುಳ್ಳು ಹೇಳೋದು ಕಷ್ಟ. ಕುಯ್ದ ಬೆರಳನ್ನು ಬಿಡಬಹುದು. ಕುಯ್ದುಕೊಂಡವನಿಗೆ ಹೆದರಿಕೆ ಇದ್ದರೆ ಅವನೇ ಬಟ್ಟೆ ಸುತ್ತಿಕೊಂಡು ಸುಮ್ಮನಾಗುತ್ತಾನೆ. ಹೆದರಿಕೆ ಇಲ್ಲದಿದ್ದರೆ ಬಂದು ಬರೆಸುತ್ತಾನೆ. ಬರೆಸಿದರೆ ಯಾರಾದರೂ ಹೋಗಿ ಆ ಚೂಪಾದ ಅಂಚನ್ನು ಉಜ್ಜಿ ಬರುತ್ತಾರೆ, ಮುಂದಿನವನ ಕೈ ಉಳಿಯುತ್ತದೆ. ಹಾಗಾಗಿ ಚಿಕ್ಕ ಗಾಯದ ಲೆಕ್ಕ ಜಾಸ್ತಿ ಇದ್ದು ದೊಡ್ಡದು ಕಮ್ಮಿ ಇದ್ದರೆ ನನಗೆ ಅದು ಒಳ್ಳೆಯ ಜಾಗ. ಎರಡೂ ಸೊನ್ನೆ ಇದ್ದರೆ ನನಗೆ ಭಯವಾಗುತ್ತದೆ. 213 ಅನ್ನುವ ಆ ಹಸಿರು ಬೋರ್ಡ್ ಕಣ್ಣ ಮುಂದೆ ಬರುತ್ತದೆ.

ಕೆನಡಾದಲ್ಲಿ ಎಲ್ಲ ಸರಿ ಇದೆ ಅಂತ ಯಾರೂ ತಿಳಿಯಬಾರದು. ಇಲ್ಲಿ ಕೆಲಸಗಾರರಲ್ಲಿ ಸುಮಾರು 30% ಜನ ಮಾತ್ರ ಯೂನಿಯನ್ ವ್ಯಾಪ್ತಿಯಲ್ಲಿದ್ದಾರೆ, ಖಾಸಗಿ ಕಂಪನಿಗಳಲ್ಲಿ ಅದರ ಅರ್ಧದಷ್ಟು. ಮೆಕ್ಸಿಕೋ, ಜಮೈಕಾದಿಂದ ಪ್ರತಿ ವರ್ಷ ಬಂದು ಒಂಟಾರಿಯೋದ ಹೊಲಗಳಲ್ಲಿ ದುಡಿಯುವ ಜನರಿದ್ದಾರೆ. 2006ರ ತನಕ ಈ ಸುರಕ್ಷತಾ ಕಾನೂನು ಹೊಲದ ಕೆಲಸಕ್ಕೆ ಅನ್ವಯವೇ ಆಗುತ್ತಿರಲಿಲ್ಲ. ಅವರ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಊರಿಗೆ ವಾಪಸ್. ಅಂಥವರು ಔಷಧಿ ಹೊಡೆಯುವಾಗ ಮಾಸ್ಕ್ ಕೊಡಿ ಅಂತ ಹೇಗೆ ಕೇಳುತ್ತಾರೆ? ಏಜೆನ್ಸಿ ಮೂಲಕ ಬರುವ ನಮ್ಮ ದೇಶದ ವಿದ್ಯಾರ್ಥಿಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡುವ ಎಷ್ಟೋ ಹುಡುಗರಿಗೆ ಬೇಡ ಅನ್ನುವ ಹಕ್ಕು ಇದೆ ಅನ್ನೋದೇ ಗೊತ್ತಿಲ್ಲ. ಗೊತ್ತಿದ್ದರೂ ಬಾಯಿ ಬರೋದಿಲ್ಲ.

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ವೆಸ್ಟ್ರೇ ಕಲ್ಲಿದ್ದಲು ಗಣಿ ಇದಕ್ಕೆಲ್ಲ ದೊಡ್ಡ ಸಾಕ್ಷಿ. ಅಲ್ಲಿ ಮೀಥೇನ್ ಅನಿಲ, ಕಲ್ಲಿದ್ದಲಿನ ಧೂಳು ವಿಪರೀತ ಇತ್ತು. ಕೆಲಸಗಾರರಿಗೆ ಗೊತ್ತಿತ್ತು, ಹೇಳಿದವರೂ ಇದ್ದರು. ಯೂನಿಯನ್ ಕಟ್ಟಲು ಒಂದು ಪ್ರಯತ್ನ ನಡೆದು, ಸ್ವಲ್ಪದರಲ್ಲಿ ಸೋತಿತ್ತು. 1992ರ ಮೇ 9ರ ಬೆಳಗಿನ ಜಾವ ಸ್ಫೋಟವಾಗಿ ಕೆಳಗಿದ್ದ 26 ಜನರೂ ಸತ್ತರು. 11 ಜನರ ದೇಹ ಇವತ್ತಿಗೂ ನೆಲದೊಳಗೇ ಇದೆ. ಆಮೇಲೆ ಸ್ಟೀಲ್‌ವರ್ಕರ್ಸ್ ಯೂನಿಯನ್ ಹತ್ತು ವರ್ಷಕ್ಕೂ ಮೇಲೆ ಬೆನ್ನು ಹತ್ತಿ, ಕೆಲಸಗಾರರ ಜೀವದ ಬಗ್ಗೆ ಉಡಾಫೆ ಮಾಡಿದ ಕಂಪನಿಯ ಮೇಲೆ ಕ್ರಿಮಿನಲ್ ಕೇಸ್ ಹಾಕಲು ಸಾಧ್ಯವಾಗುವ ಹಾಗೆ ಕಾನೂನು ಮಾಡಿಸಿತು. 2004ರಲ್ಲಿ ಅದು ಜಾರಿಗೆ ಬಂತು.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ಕಥೆ ನಮ್ಮ ದೇಶದ್ದೂ ಹೌದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರಲ್ಲೇ ಫಾಸ್ಜೀನ್ ಅನ್ನುವ ವಿಷಾನಿಲಕ್ಕೆ ಒಬ್ಬ ಕೆಲಸಗಾರ ಬಲಿಯಾಗಿದ್ದ. 1982ರಲ್ಲಿ ಅಲ್ಲಿನ ಯೂನಿಯನ್‌ನವರು ಅಪಾಯ ಇದೆ ಅಂತ ಊರಿನಲ್ಲಿ ಪೋಸ್ಟರ್ ಅಂಟಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 41ಜಿ ಅನ್ನುವ ಕಲಂ ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಲ್ಲಿ ಕೆಲಸಗಾರರೂ ಮ್ಯಾನೇಜ್‌ಮೆಂಟೂ ಸಮಸಮ ಇರುವ ಸೇಫ್ಟಿ ಕಮಿಟಿ ಬೇಕು ಅಂತ. ಒಳ್ಳೆಯ ಕಲಂ ಅದು. ಆದರೆ ನಾನಿದ್ದ ಪ್ರೆಸ್ ಶಾಪ್ ಆ ಅಪಾಯಕಾರಿ ಪಟ್ಟಿಗೆ ಬರುತ್ತಿರಲಿಲ್ಲ. ಬೆರಳು ಹೋಗೋದು ಆ ಲೆಕ್ಕದಲ್ಲಿ ಅಪಾಯವಲ್ಲ.

ಅದರ ಪಕ್ಕದ 41ಎಚ್ ಕಲಂ, ಅಪಾಯ ಇದೆ ಅಂತ ಮ್ಯಾನೇಜ್‌ಮೆಂಟಿಗೆ ಹೇಳುವ ಹಕ್ಕನ್ನು ಅಂಥ ಅಪಾಯಕಾರಿ ಕಾರ್ಖಾನೆಗಳ ಕೆಲಸಗಾರನಿಗೆ ಕೊಟ್ಟಿತು. ಈಗ 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸುರಕ್ಷತಾ ಸಂಹಿತೆ ಬಂದಿದೆ. ಅದರಲ್ಲೂ ಹೇಳುವ ಹಕ್ಕಿದೆ. ಮ್ಯಾನೇಜ್‌ಮೆಂಟಿಗೂ ಹೇಳಬಹುದು, ಇನ್‌ಸ್ಪೆಕ್ಟರಿಗೂ ಹೇಳಬಹುದು. ಆದರೆ ಹೇಳಿ ಆದಮೇಲೆ, ಸರಿ ಮಾಡುವ ತನಕ ನಾನು ಮೆಷಿನ್ ಮುಟ್ಟೋದಿಲ್ಲ ಅನ್ನುವ ಹಕ್ಕನ್ನು ಅಷ್ಟು ಬಿಡಿಸಿ ಬರೆದಿಲ್ಲ. ಅಣ್ಣನಿಗೆ ಬೇಕಿದ್ದದ್ದು ಅದೇ ಹಕ್ಕು. ಇನ್ನು ಕಾರ್ಖಾನೆ ಅಂತ ಕರೆಸಿಕೊಳ್ಳಲು ಮೊದಲು ಕರೆಂಟ್ ಬಳಸುವ ಕಡೆ 10 ಜನ ಸಾಕಿತ್ತು, ಈಗ 20 ಜನ ಬೇಕು. ಕರೆಂಟ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಚಿಕ್ಕ ಶೆಡ್ಡುಗಳಲ್ಲಿ ದುಡಿಯುವವರು ಇನ್ನೂ ಹೊರಗೆ ಹೋದರು.

ಆದರೆ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ಸುಮ್ಮನಿರಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಯೂನಿಯನ್‌ಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ನಮ್ಮವರು ಅನ್ನುವ ಸಲುಗೆಯಿಂದಲೇ.

ಬೆಂಗಳೂರಿನಲ್ಲಿ ನಾನು ಮೂರು ಸೆಟ್ಲ್‌ಮೆಂಟ್, ಅಂದರೆ ಯೂನಿಯನ್ ಮತ್ತು ಕಂಪನಿ ನಡುವಿನ ಒಪ್ಪಂದ, ನೋಡಿದೆ. ಬೇಡಿಕೆ ಪಟ್ಟಿಯಲ್ಲಿ ಮೂಲ ಸಂಬಳ, ಡಿಎ, ಕ್ಯಾಂಟೀನ್, ಬಸ್, ಹಬ್ಬದ ಮುಂಗಡ ಎಲ್ಲವೂ ಇರುತ್ತಿದ್ದವು. ಸುರಕ್ಷತೆ ಬರುತ್ತಿದ್ದದ್ದು ಅಲವೆನ್ಸ್ ರೂಪದಲ್ಲಿ. ಹೀಟ್ ಅಲವೆನ್ಸ್, ಡಸ್ಟ್ ಅಲವೆನ್ಸ್. ಫರ್ನೇಸ್ ಮುಂದೆ ನಿಲ್ಲುವವನಿಗೆ ತಿಂಗಳಿಗೆ ಇಷ್ಟು, ಗ್ರೈಂಡಿಂಗ್ ಧೂಳು ಕುಡಿಯುವವನಿಗೆ ಇಷ್ಟು. ದುಡ್ಡು ಯಾರಿಗೆ ಬೇಡ? ಆದರೆ ಧೂಳಿಗೆ ದುಡ್ಡು ಒಪ್ಪಿಕೊಂಡ ದಿನ, ಧೂಳು ಇರುತ್ತದೆ ಅಂತ ನಾವೇ ಸಹಿ ಹಾಕಿಕೊಟ್ಟ ಹಾಗಾಯಿತು. ಆಮೇಲೆ ಡಸ್ಟ್ ಕಲೆಕ್ಟರ್ ಹಾಕಿಸಿ ಅಂತ ಕೇಳಿದರೆ, ಹಾಗಾದ್ರೆ ಅಲವೆನ್ಸ್ ಬಿಡ್ತೀರಾ ಅಂತ ವಾಪಸ್ ಕೇಳುತ್ತಾರೆ. ಕೇಳಿದ್ದನ್ನು ನಾನೇ ನೋಡಿದ್ದೇನೆ. ಅಲವೆನ್ಸ್ ತೆಗೆದುಕೊಂಡ ಗ್ರೈಂಡಿಂಗ್ ಸೆಕ್ಷನ್ನಿನ ಹಿರಿಯರೊಬ್ಬರು ನಿವೃತ್ತಿಯಾದ ಮೇಲೆ ಹತ್ತು ಮೆಟ್ಟಿಲು ಹತ್ತಲು ನಡುವೆ ಎರಡು ಸಲ ಕೂರುತ್ತಿದ್ದರು.

ಇನ್ನೊಂದು ವಿಷಯ ಸದಸ್ಯತ್ವದ್ದು. ಕೆನಡಾದಲ್ಲಿ 1945ರಲ್ಲಿ ವಿಂಡ್ಸರ್ ಊರಿನ ಫೋರ್ಡ್ ಕಾರ್ಖಾನೆಯಲ್ಲಿ ನಡೆದ ಮುಷ್ಕರ ಮುಗಿಸಲು ಬಂದ ಐವನ್ ರ‍್ಯಾಂಡ್ ಅನ್ನುವ ನ್ಯಾಯಮೂರ್ತಿ 1946ರಲ್ಲಿ ಒಂದು ಸೂತ್ರ ಕೊಟ್ಟರು. ಯೂನಿಯನ್ ಸೇರಲಿ ಬಿಡಲಿ, ಅದರ ಒಪ್ಪಂದದ ಲಾಭ ಪಡೆಯುವ ಪ್ರತಿಯೊಬ್ಬರೂ ಚಂದಾ ಕೊಡಬೇಕು. ಅದಕ್ಕೆ ಪ್ರತಿಯಾಗಿ ಯೂನಿಯನ್ ಎಲ್ಲರ ಪರವೂ ನಿಲ್ಲಬೇಕು. ಹಾಗಾಗಿ ಪ್ರೊಬೇಷನ್ನಿನ ಹುಡುಗಿಗೂ ಪ್ರತಿನಿಧಿ ಬಂದ. ಆ ಚಂದಾ ದುಡ್ಡಿನಲ್ಲೇ ನನ್ನಂಥವರಿಗೆ ತರಬೇತಿ ಕೊಡಿಸುತ್ತಾರೆ, ಕಾನೂನು ಓದಿಸುತ್ತಾರೆ. ನಮ್ಮ ದೇಶದಲ್ಲಿ ಒಂದೇ ಕಾರ್ಖಾನೆಯಲ್ಲಿ ಮೂರು ಬಾವುಟ, ಅಂದರೆ ಮೂರು ಯೂನಿಯನ್. ಒಂದು ಬಾವುಟದವನ ಕೈಗೆ ಪೆಟ್ಟಾದರೆ ಇನ್ನೊಂದು ಬಾವುಟದವರು ಬರೋದು ಅನುಮಾನ. ಮೂರೂ ಬಾವುಟದ ಹೊರಗೆ ಕಾಂಟ್ರಾಕ್ಟ್ ಹುಡುಗರು. ಅಪಾಯದ ಮೆಷಿನ್ನಿನ ಮುಂದೆ ಹೆಚ್ಚಾಗಿ ನಿಲ್ಲುವವರು ಅವರೇ. ಅಂದರೆ ಯೂನಿಯನ್ ಬಲ ಇರೋದು ಒಂದು ಕಡೆ, ಬೆರಳು ಹೋಗೋದು ಇನ್ನೊಂದು ಕಡೆ.

ಯೂನಿಯನ್ ಬಂದರೆ ಸೋಮಾರಿಗಳಿಗೆ ರಕ್ಷಣೆ ಸಿಗುತ್ತದೆ, ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಗುತ್ತದೆ ಅನ್ನುವವರೂ ಇದ್ದಾರೆ. ಸೇಫ್ಟಿ ವಿಷಯದಲ್ಲಿ ತಪ್ಪು ಮಾಡಿದವನನ್ನೂ ಯೂನಿಯನ್ ಬಿಡಿಸಿಕೊಂಡು ಬಂದದ್ದನ್ನು ನಾನು ಇಲ್ಲೂ ನೋಡಿದ್ದೇನೆ. ಫೋರ್ಕ್‌ಲಿಫ್ಟ್ ಅಡ್ಡಾದಿಡ್ಡಿ ಓಡಿಸಿದವನೊಬ್ಬನ ವಿಷಯದಲ್ಲಿ ನಮ್ಮ ಯೂನಿಯನ್ ಜೊತೆ ನಾನೇ ಜಗಳ ಆಡಿದೆ. ಆದರೆ ಆ ಜಗಳ ನಾನು ಆಡಬಹುದಿತ್ತು, ಯೂನಿಯನ್ ಸಭೆಯಲ್ಲೇ, ಎಲ್ಲರ ಮುಂದೆಯೇ. ನನ್ನ ಪಾಲಿಗೆ ಅದೂ ಸುರಕ್ಷತೆಯ ಕೆಲಸವೇ.

ಅಣ್ಣ ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾರೆ. ವರ್ಷಕ್ಕೊಂದೆರಡು ಸಲ ಫೋನ್ ಮಾಡುತ್ತೇನೆ. ಆ ವೈರ್ ಬಗ್ಗೆ ನಾನು ಕೊನೆಗೂ ಮಾತೆತ್ತಿದ್ದು ಮೂರು ವರ್ಷದ ಹಿಂದೆ. ನೋಡಿಯೂ ಸುಮ್ಮನಿದ್ದೆ ಅಣ್ಣಾ, ಕ್ಷಮಿಸಿ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು, "ನೀನ್ ಹೇಳಿದ್ರೆ ನಿನ್ನ ಕೆಲ್ಸ ಹೋಗೋದು, ಅವ್ರು ಮತ್ತೆ ವೈರ್ ಕಟ್ಟೋರು. ಇಬ್ರೂ ಮುಳುಗ್ತಿದ್ವಿ ಬಿಡು" ಅಂದರು. ಅವರ ಆ ಮಾತು ಸತ್ಯ ಅನ್ನೋದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ನನ್ನ ಜೊತೆ ಆ ಕಾರ್ಖಾನೆಯಲ್ಲಿದ್ದ ಗೆಳೆಯನೊಬ್ಬ ಈಗ ಅಲ್ಲಿನ ಯೂನಿಯನ್ನಿನಲ್ಲಿ ಪದಾಧಿಕಾರಿ. ಮುಂದಿನ ಸೆಟ್ಲ್‌ಮೆಂಟಿಗೆ ಬೇಡಿಕೆ ಪಟ್ಟಿ ತಯಾರಾಗುತ್ತಿದೆ. ಸುರಕ್ಷತೆಗೆ ಅಂತ ಒಂದು ಪುಟ ಬರೆದು ಕಳಿಸು ಅಂತ ಅವನೇ ಕೇಳಿದ. ಇಲ್ಲಿನ ಒಪ್ಪಂದ ನೋಡಿಕೊಂಡು, ಅಲ್ಲಿಗೆ ಹೊಂದುವ ಹಾಗೆ ಎರಡು ಭಾನುವಾರ ಕೂತು ಬರೆದೆ. ಮೆಷಿನ್ ನಿಲ್ಲಿಸಿದ್ದಕ್ಕೆ ಶೋಕಾಸ್ ನೋಟಿಸ್ ಕೊಡುವ ಹಾಗಿಲ್ಲ. ಸೇಫ್ಟಿ ಕಮಿಟಿಯ ಅರ್ಧ ಜನರನ್ನು ಕೆಲಸಗಾರರೇ ಆರಿಸಬೇಕು. ಕಾಗದಕ್ಕೆ 21 ದಿನದಲ್ಲಿ ಕಾಗದದ ಉತ್ತರ. ಡಸ್ಟ್ ಅಲವೆನ್ಸ್ ಜೊತೆಗೆ, ಡಸ್ಟ್ ಕಲೆಕ್ಟರ್ ಯಾವ ತಾರೀಖಿನೊಳಗೆ ಅಂತ ಬರೆದುಕೊಡಬೇಕು. ಗೇಟಿನ ಬೋರ್ಡಿನ ಲೆಕ್ಕವನ್ನು ಕಮಿಟಿಯೇ ಬರೆಯಬೇಕು.

ಅವನು ರಾತ್ರಿ ಫೋನ್ ಮಾಡಿದ. ಪಾಳಿ ಮುಗಿಸಿ ಬಸ್ಸಿನಲ್ಲಿದ್ದ. ಪೂರ್ತಿ ಓದಿದ್ದೀನಿ, ಕಮಿಟಿಯಲ್ಲಿ ಇಬ್ಬರು ಒಪ್ಪಿದ್ದಾರೆ, ಉಳಿದವರನ್ನ ಒಪ್ಪಿಸಬೇಕು ಅಂದ. ಆಮೇಲೆ, "ಒಂದೇ ಡೌಟು ಕಣೋ. ಇದ್ರಲ್ಲಿ ಕಾಂಟ್ರಾಕ್ಟ್ ಹುಡುಗ್ರೂ ಬರ್ತಾರಾ? ಜನರಲ್ ಬಾಡೀಲಿ ಅದನ್ನೇ ಕೇಳ್ತಾರೆ" ಅಂದ.

ಮೊದಲನೇ ಸಾಲು ಇನ್ನೊಂದು ಸಲ ಓದು ಅಂದೆ. ಬಸ್ಸಿನ ಸದ್ದಿನ ನಡುವೆ ಅವನು ಗಟ್ಟಿಯಾಗಿ ಓದಿದ. "ಸಂಬಳ ಯಾರೇ ಕೊಡಲಿ, ಗೇಟಿನೊಳಗೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ..."